ಪುನಃಕಥನದಲ್ಲಿ ಅಜ್ಞಾತವಾಸ



ಒಬ್ಬ ಕವಿಯು ಸೃಷ್ಟಿಸಿದ ಪಾತ್ರವನ್ನು ಇನ್ನೊಬ್ಬನು ಪ್ರೀತಿಯಿಂದ ಕೈಗೆತ್ತಿಕೊಂಡು, ಮೂಲದಲ್ಲಿಲ್ಲದ ಸನ್ನಿವೇಶಕ್ಕೆ ಅದನ್ನು ಕರೆದೊಯ್ದು, ಅಲ್ಲಿ ಹೊಸ ಕಥೆಯೊಂದನ್ನು ಕಟ್ಟುವ ಪದ್ಧತಿಯನ್ನು ಇಂದಿನ ತರುಣರು ಫ್ಯಾನ್ ಫಿಕ್ಷನ್ ಎಂದು ಕರೆಯುತ್ತಾರೆ. ಹೆಸರು ಈಚಿನದು, ಕೆಲಸವಾದರೋ ಕನ್ನಡದಲ್ಲಿ ಸಾವಿರ ವರ್ಷಕ್ಕೂ ಮಿಕ್ಕ ಕಾಲದಿಂದ ನಡೆದುಬಂದದ್ದು. ಸುಮಾರು 941ರಲ್ಲಿ ಪಂಪನು ವ್ಯಾಸರ ಅರ್ಜುನನನ್ನು ತನ್ನ ಆಶ್ರಯದಾತನಾದ ಅರಿಕೇಸರಿಯೊಡನೆ ಅಭೇದವಾಗಿ ನಿಲ್ಲಿಸಿ, ದ್ರೌಪದಿಯನ್ನು ಅವನೊಬ್ಬನಿಗೇ ಮದುವೆಮಾಡಿಕೊಟ್ಟಾಗ, ಪರರ ಪಾತ್ರವನ್ನು ತನ್ನದಾಗಿಸಿಕೊಳ್ಳುವ ಈ ಸ್ವಾತಂತ್ರ್ಯವನ್ನೇ ಬಳಸಿದನು. ಅಲ್ಲಿಂದೀಚೆಗೆ ರನ್ನ, ನಾಗಚಂದ್ರ, ಕುಮಾರವ್ಯಾಸ, ಲಕ್ಷ್ಮೀಶರಿಂದ ಹಿಡಿದು, ಹೆಸರು ದೊರೆಯದ ನೂರಾರು ಬಯಲಾಟದ ಕವಿಗಳವರೆಗೆ, ನಮ್ಮ ಕಥನಪರಂಪರೆಯ ಬಹುಭಾಗವು ಪ್ರಿಯಪಾತ್ರಗಳ ಪುನಃಕಥನವೇ ಆಗಿದೆ.

ಇಂತಹ ಕಥನದಲ್ಲಿ ಒಂದು ತಂತ್ರವು ಎಲ್ಲ ಕಾಲದ ಲೇಖಕರನ್ನೂ ಆಕರ್ಷಿಸಿದೆ. ಪಾತ್ರದ ನಿಜವಾದ ಗುರುತನ್ನು ಮರೆಸಿಟ್ಟು, ಇವನು ಯಾರಿರಬಹುದೆಂಬ ಕುತೂಹಲವನ್ನು ಬೆಳೆಸುತ್ತ ಹೋಗಿ, ತಕ್ಕ ಮುಹೂರ್ತದಲ್ಲಿ ಆ ಮುಸುಕನ್ನು ತೆಗೆಯುವುದೇ ಆ ತಂತ್ರ. ಅದು ಎಲ್ಲಿ ಕಾವ್ಯವಾಗುತ್ತದೆ, ಎಲ್ಲಿ ಕಣ್ಕಟ್ಟಾಗಿ ಉಳಿಯುತ್ತದೆ ಎಂಬುದನ್ನು ವಿಚಾರಿಸುವುದು ಈ ಉಪನ್ಯಾಸದ ಉದ್ದೇಶ. ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುವುದು ಮೇಲು: ಎರವಲು ತಂದ ಪಾತ್ರದ ಹೆಸರನ್ನು ಲೇಖಕನು ಎಷ್ಟು ಆಳದಲ್ಲಿ ಬೇಕಾದರೂ ಹುದುಗಿಸಲಿ, ಅದರ ಸ್ವಭಾವವನ್ನು ಒಂದು ಗಳಿಗೆಯೂ ಮರೆಮಾಡಕೂಡದು. ಹೆಸರು ಅವನ ಕೈಯಲ್ಲಿದೆ. ಸ್ವಭಾವವು ಮೂಲಕವಿಯಿಂದ ಬಂದ ನಿಕ್ಷೇಪವಾದುದರಿಂದ, ಅದನ್ನು ಕಳೆದುಕೊಂಡವನಿಗೆ ಕೊನೆಯಲ್ಲಿ ಪ್ರಕಟಿಸಲು ಏನೂ ಉಳಿದಿರುವುದಿಲ್ಲ.

ಈ ವಿಚಾರಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ನಿಂತು ಮಾತನಾಡುವವನು ದೂರದ ದೃಷ್ಟಾಂತಗಳನ್ನು ಅರಸಿಕೊಂಡು ಹೋಗಬೇಕಾದ ಅಗತ್ಯವಿಲ್ಲ. ಈ ತಾಲ್ಲೂಕುಗಳು ಒಂದೇ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟದ್ದು 1997ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಹೊನ್ನಾಳಿಯ ಅಂಗವಾಗಿದ್ದ ನ್ಯಾಮತಿ ಈಚೆಗಷ್ಟೇ ತಾನೇ ಒಂದು ತಾಲ್ಲೂಕಾಯಿತು. ಒಂದೆಡೆ ತುಂಗಭದ್ರೆಯ ದಡ, ಒಂದೆಡೆ ಸೂಳೆಕೆರೆಯ ನೀರುಂಡ ಗದ್ದೆ ತೋಟಗಳು, ಇನ್ನೊಂದೆಡೆ ಮುಗಿಲನ್ನೇ ನೋಡುತ್ತ ಕೂರುವ ಬೆದ್ದಲು. ಭೂಗುಣ ಹೀಗೆ ಬೇರೆಬೇರೆಯಾದರೂ ಈ ಊರುಗಳ ಜನಕ್ಕೆ ಭಾರತದ ಕಥೆ ಬಂದ ದಾರಿಗಳು ಒಂದೇ: ಗುಡಿಯ ಪಡಸಾಲೆಯಲ್ಲಿ ಒಬ್ಬರು ರಾಗವಾಗಿ ಓದಿ ಇನ್ನೊಬ್ಬರು ಅರ್ಥ ಹೇಳುವ ಪುರಾಣವಾಚನ, ಮತ್ತು ಸುಗ್ಗಿ ಮುಗಿದ ಮೇಲೆ ಅಟ್ಟ ಕಟ್ಟಿ ಬೆಳಗಿನವರೆಗೂ ಆಡುವ ಬಯಲಾಟ.

ದೊಡ್ಡಾಟವೆಂದೂ ಮೂಡಲಪಾಯವೆಂದೂ ಕರೆಯಲ್ಪಡುವ ಆ ಆಟದ ಒಂದು ಕಟ್ಟಳೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಕಿರೀಟ, ಭುಜಕೀರ್ತಿ, ಎದೆಹಲಗೆಗಳನ್ನು ಧರಿಸಿದ ವೇಷವು ತೆರೆ ಸರಿದೊಡನೆ ಕುಣಿತವನ್ನು ಮುಗಿಸಿ ನಿಲ್ಲುತ್ತದೆ. ಆಗ ಸಾರಥಿಯು ಅದರ ಎದುರಿಗೆ ಬಂದು ತಾವು ಯಾರು, ತಮ್ಮ ಸ್ಥಳ ಯಾವುದು, ಈ ಸಭೆಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ವೇಷವು ತನ್ನ ನಾಮ, ಕುಲ, ಪರಾಕ್ರಮಗಳನ್ನು ವಿಸ್ತಾರವಾಗಿ ಹೇಳಿಕೊಂಡ ಹೊರತು ಕಥೆ ಮುಂದುವರಿಯುವುದಿಲ್ಲ. ಅಂದರೆ ನಮ್ಮ ಗ್ರಾಮೀಣ ರಂಗಭೂಮಿಯು ಗುರುತಿನ ಪ್ರಶ್ನೆಯನ್ನೇ ಪ್ರವೇಶದ್ವಾರವನ್ನಾಗಿ ಇರಿಸಿಕೊಂಡಿದೆ. ಈ ಕಟ್ಟಳೆಯಿಂದ ಒಂದು ಪರಿಣಾಮವು ತಾನಾಗಿ ಹುಟ್ಟುತ್ತದೆ. ಧರ್ಮರಾಯನು ಕಂಕನೆಂಬ ಹೆಸರಿನಲ್ಲಿ ವಿರಾಟನ ಓಲಗಕ್ಕೆ ಬಂದಾಗ, ವಿರಾಟನಿಗೆ ಅವನು ಯಾರೆಂದು ತಿಳಿಯದು, ಕೆಳಗೆ ಕಂಬಳಿ ಹಾಸಿ ಕುಳಿತ ಮುದುಕಿಗೆ ತಿಳಿದಿದೆ. ರಹಸ್ಯವು ಪಾತ್ರಕ್ಕೂ ಪಾತ್ರಕ್ಕೂ ನಡುವೆ ಇದೆ. ಪ್ರೇಕ್ಷಕನು ಆ ರಹಸ್ಯದಲ್ಲಿ ಪಾಲುದಾರ. ಗಂಡಸರೇ ಹೆಣ್ಣುವೇಷಗಳನ್ನೂ ಹಾಕುವ ಆ ಅಟ್ಟದ ಮೇಲೆ, ಊರಿನ ರೈತನೊಬ್ಬನು ಅರ್ಜುನನಾಗಿ, ಆ ಅರ್ಜುನನು ಬೃಹನ್ನಳೆಯಾಗಿ, ಬಳೆ ತೊಟ್ಟು ನಾಟ್ಯ ಕಲಿಸುವುದನ್ನು ಕಂಡು, ಮೂರು ಪದರಗಳನ್ನೂ ಏಕಕಾಲದಲ್ಲಿ ಗ್ರಹಿಸಿಕೊಂಡು ಆನಂದಿಸಿದವರು ನಮ್ಮ ಅಜ್ಜ ಅಜ್ಜಿಯರು. ಅವರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ. ರಸಗ್ರಹಣದ ಈ ಸೂಕ್ಷ್ಮ ಮಾತ್ರ ಪೂರ್ಣವಾಗಿತ್ತು.

ವಿರಾಟಪರ್ವವು ಈ ಕಲೆಯ ಲಕ್ಷಣಗ್ರಂಥವೆಂದರೆ ಅತ್ಯುಕ್ತಿಯಲ್ಲ. ಮೊದಲನೆಯದಾಗಿ, ಅಲ್ಲಿ ರಹಸ್ಯಕ್ಕೆ ಬೆಲೆಯುಂಟು: ಹದಿಮೂರನೆಯ ವರ್ಷದಲ್ಲಿ ಗುರುತು ಸಿಕ್ಕಿದರೆ ಮತ್ತೆ ಹನ್ನೆರಡು ವರ್ಷ ವನವಾಸ. ಎರಡನೆಯದು ಇನ್ನೂ ಮುಖ್ಯವಾದದ್ದು. ಪಾಂಡವರು ಆರಿಸಿಕೊಂಡ ವೇಷಗಳು ಅವರ ಸ್ವಭಾವದಿಂದಲೇ ಒಡಮೂಡಿದವು. ಜೂಜಿನಲ್ಲಿ ರಾಜ್ಯವನ್ನು ಸೋತ ಧರ್ಮರಾಯನು ಪಗಡೆಯಾಡಿಸುವ ಕಂಕನಾಗುತ್ತಾನೆ. ಹಸಿವಿನ ಮೂರ್ತಿಯಾದ ಭೀಮನು ಅಡಿಗೆಮನೆಗೆ ವಲಲನಾಗಿ ಹೋಗುತ್ತಾನೆ. ನಕುಲನು ಕುದುರೆಗಳ ಬಳಿಗೆ, ಸಹದೇವನು ದನಗಳ ಬಳಿಗೆ. ದ್ರೌಪದಿಯು ಸೈರಂಧ್ರಿಯಾಗಿ ಇನ್ನೊಬ್ಬಳ ಮುಡಿಯನ್ನು ಸಿಂಗರಿಸುತ್ತಾಳೆ, ತನ್ನ ಮುಡಿಯ ಪ್ರತಿಜ್ಞೆ ಇನ್ನೂ ತೀರದಿರುವಾಗ. ಆಯುಧಗಳನ್ನು ಬನ್ನಿಯ ಮರದ ಮೇಲೆ ಕಟ್ಟಿಟ್ಟು ಬಂದರು, ಸ್ವಭಾವವನ್ನು ಕಟ್ಟಿಡಲು ಯಾವ ಮರವೂ ಇರಲಿಲ್ಲ. ಕೀಚಕನು ಕತ್ತಲೆಯಲ್ಲಿ ಬರಿಗೈಯಿಂದ ಹತನಾದನೆಂಬ ಸುದ್ದಿ ಹಸ್ತಿನಾವತಿಗೆ ಮುಟ್ಟಿದೊಡನೆ ದುರ್ಯೋಧನನು ಭೀಮನ ಕೈಯನ್ನು ಗುರುತಿಸುವುದು, ಯಾವ ಗೂಢಚಾರನೂ ಭೀಮನನ್ನು ಕಂಡದ್ದರಿಂದಲ್ಲ. ಅಂತಹ ಬಲಶಾಲಿಯನ್ನು ಹಾಗೆ ಕೊಲ್ಲಬಲ್ಲವರು ಲೋಕದಲ್ಲಿ ಬೆರಳೆಣಿಕೆಯವರೆಂಬ ತಿಳಿವಿನಿಂದ.

ಇದಕ್ಕಿಂತಲೂ ಗಂಭೀರವಾದ ಒಂದು ಸುಳಿವನ್ನು ವ್ಯಾಸರು ಭೀಷ್ಮನ ಬಾಯಲ್ಲಿ ಇರಿಸಿದ್ದಾರೆ. ಗೂಢಚಾರರು ದಿಕ್ಕುದಿಕ್ಕಿಗೆ ಅಲೆದು ಬರಿಗೈಯಲ್ಲಿ ಹಿಂದಿರುಗಿದ್ದಾರೆ. ಪಾಂಡವರನ್ನು ಹುಡುಕುವ ಬಗೆ ಹೇಗೆಂದು ಸಭೆ ಆಲೋಚಿಸುತ್ತಿದೆ. ಆಗ ಭೀಷ್ಮನು ಮುಖಲಕ್ಷಣವನ್ನಾಗಲಿ ದೇಹದ ಗುರುತನ್ನಾಗಲಿ ಹೇಳುವುದಿಲ್ಲ. ಯುಧಿಷ್ಠಿರನು ಇರುವ ದೇಶದಲ್ಲಿ ಮಳೆ ಸಕಾಲಕ್ಕೆ ಬರುತ್ತದೆ, ಬೆಳೆ ಸಮೃದ್ಧವಾಗಿರುತ್ತದೆ, ಹಸುಗಳು ಹಾಲು ಕರೆಯುತ್ತವೆ, ಜನ ಪ್ರಿಯವಾದ ಮಾತನ್ನಾಡುತ್ತಾರೆ; ಅಂತಹ ನಾಡನ್ನು ಹುಡುಕಿ ಎನ್ನುತ್ತಾನೆ. ಮನುಷ್ಯನು ತನ್ನನ್ನು ಮರೆಸಿಕೊಳ್ಳಬಹುದು, ತನ್ನ ಇರವಿನಿಂದ ಸುತ್ತಲಿನ ಲೋಕದ ಮೇಲಾಗುವ ಪರಿಣಾಮವನ್ನು ಮರೆಸಲಾರ. ರಹಸ್ಯಕಥನದ ಇತಿಹಾಸದಲ್ಲಿ ಇದಕ್ಕಿಂತ ಉದಾತ್ತವಾದ ಸುಳಿವನ್ನು ನಾನು ಕಂಡಿಲ್ಲ.

ಮಳೆ ತಡೆದ ವರ್ಷಗಳಲ್ಲಿ ವಿರಾಟಪರ್ವವನ್ನು ಓದಿಸಿದರೆ ಮಳೆಯಾಗುತ್ತದೆಂಬ ನಂಬಿಕೆ ಕನ್ನಡನಾಡಿನ ಉದ್ದಕ್ಕೂ ಇರುವುದು ತಮಗೆ ತಿಳಿದ ವಿಷಯ. ಭಾರತದ ಹದಿನೆಂಟು ಪರ್ವಗಳಲ್ಲಿ ಇದೊಂದಕ್ಕೇ ಆ ಶಕ್ತಿಯನ್ನು ಜನ ಏತಕ್ಕೆ ಆರೋಪಿಸಿದರು? ಭೀಷ್ಮನ ಆ ಮಾತನ್ನು ನೆನೆದರೆ ಉತ್ತರವು ಹೊಳೆಯುತ್ತದೆಂದು ನಾನು ಊಹಿಸುತ್ತೇನೆ: ಧರ್ಮರಾಯನು ಗುಪ್ತನಾಗಿ ನೆಲಸಿದ ನಾಡಿಗೆ ಮಳೆ ಬಂದಿತಾದುದರಿಂದ, ಆ ಕಥೆಯನ್ನು ಓದುವ ಊರಿನಲ್ಲಿ ಅವನು ಹೆಸರಿಲ್ಲದೆ ಬಂದು ಕುಳಿತಾನೆಂಬ ಆಸೆ. ಬರವನ್ನು ಪದೇ ಪದೇ ಕಂಡ ಜಗಳೂರಿನಂತಹ ಸೀಮೆಯಲ್ಲಿ ಈ ಆಸೆಗೆ ಇರುವ ತೂಕವನ್ನು ನೀರಾವರಿಯವರು ಪೂರ್ತಿಯಾಗಿ ಅರಿಯಲಾರರು. ಅಜ್ಞಾತನಾದ ಸತ್ಪುರುಷನೊಬ್ಬನು ತಮ್ಮ ನಡುವೆಯೇ ಇರಬಹುದೆಂಬ ಭಾವನೆಯಿಂದ ಜನ ಕಥೆಯನ್ನು ಕೇಳಿದಾಗ, ಗುರುತನ್ನು ಮರೆಸುವ ತಂತ್ರವು ಕುತೂಹಲದ ಮಟ್ಟವನ್ನು ದಾಟಿ ಶ್ರದ್ಧೆಯ ಮಟ್ಟವನ್ನು ಮುಟ್ಟುತ್ತದೆ.

ಇನ್ನು ಮುಸುಕು ತೆಗೆಯುವ ಸಂದರ್ಭ. ಬನ್ನಿಮರದ ಬಳಿ ಬೃಹನ್ನಳೆಯು ತಾನೇ ಅರ್ಜುನನೆಂದು ಹೇಳಿದಾಗ ಉತ್ತರಕುಮಾರನು ತಟ್ಟನೆ ನಂಬುವುದಿಲ್ಲ. ಅರ್ಜುನನಿಗೆ ಹತ್ತು ಹೆಸರುಗಳಿವೆಯೆಂದು ಕೇಳಿಬಲ್ಲೆ, ಅವನ್ನು ಹೇಳಿದರೆ ನಂಬುವೆ ಎನ್ನುತ್ತಾನೆ. ಅರ್ಜುನನು ಫಲ್ಗುಣ, ಜಿಷ್ಣು, ಕಿರೀಟಿ, ಶ್ವೇತವಾಹನ ಮೊದಲಾದ ಹೆಸರುಗಳನ್ನಷ್ಟೇ ಅಲ್ಲದೆ ಒಂದೊಂದು ಹೆಸರೂ ತನಗೆ ಬಂದ ಕಾರಣವನ್ನು ಹೇಳುತ್ತಾನೆ. ಇಲ್ಲಿ ಕವಿಯು ಸಾಧಿಸಿರುವುದನ್ನು ಗಮನಿಸಬೇಕು. ಹೆಸರನ್ನು ಯಾರು ಬೇಕಾದರೂ ಕದ್ದು ಹೇಳಬಹುದು, ಹೆಸರಿನ ಹಿಂದಿನ ಬಾಳನ್ನು ಬಾಳಿದವನೇ ಹೇಳಬೇಕು. ಬಯಲಾಟದ ಸಾರಥಿಯ ಪ್ರಶ್ನೆಗೆ ವೇಷಧಾರಿಯು ಕೊಡುವ ದೀರ್ಘವಾದ ಉತ್ತರಕ್ಕೂ ಈ ದಶನಾಮದ ಪ್ರಸಂಗಕ್ಕೂ ಒಳಗಿನ ಬಾಂಧವ್ಯವಿದೆ.

ಇದೇ ಸನ್ನಿವೇಶವನ್ನು ಎತ್ತಿಕೊಂಡು ಹೊಸ ಕಥೆ ಕಟ್ಟಿದವುಗಳಲ್ಲಿ ಅಗ್ರಗಣ್ಯವಾದ ಕೃತಿ ಭಾಸನದೆಂದು ಪ್ರಸಿದ್ಧವಾದ 'ಪಂಚರಾತ್ರ'. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಭಾಸನ ರೂಪಕಗಳನ್ನು ಟಿ. ಗಣಪತಿ ಶಾಸ್ತ್ರಿಗಳು 1912ರಿಂದ ತಿರುವನಂತಪುರದಲ್ಲಿ ಪ್ರಕಟಿಸತೊಡಗಿದಾಗ, ಮಹಾಭಾರತವನ್ನು ಇಷ್ಟು ಸ್ವತಂತ್ರವಾಗಿ ತಿರುಗಿಸಿದ ನಾಟಕಕಾರನೊಬ್ಬನು ಪ್ರಾಚೀನ ಕಾಲದಲ್ಲಿ ಇದ್ದನೆಂಬುದು ವಿದ್ವಾಂಸರಿಗೆ ಬೆರಗನ್ನುಂಟುಮಾಡಿತು. ಪಂಚರಾತ್ರದಲ್ಲಿ ದುರ್ಯೋಧನನು ಗುರುದಕ್ಷಿಣೆಯಾಗಿ ಪಾಂಡವರಿಗೆ ಅರ್ಧರಾಜ್ಯವನ್ನು ಕೊಟ್ಟುಬಿಡುತ್ತಾನೆ, ಕುರುಕ್ಷೇತ್ರವೇ ಅನಾವಶ್ಯಕವಾಗುತ್ತದೆ. ಗೋಗ್ರಹಣದ ಯುದ್ಧದಲ್ಲಿ ಅಭಿಮನ್ಯು ಕೌರವರ ಪಕ್ಷದಲ್ಲಿದ್ದಾನೆ. ಅವನ ರಥದ ಬಳಿಗೆ ಅಡಿಗೆಯವನೊಬ್ಬನು ಕಾಲ್ನಡೆಯಲ್ಲಿ ಬಂದು, ಆಯುಧವನ್ನು ಮುಟ್ಟದೆ, ತೋಳುಗಳಿಂದಲೇ ಅವನನ್ನು ಎತ್ತಿಕೊಂಡು ಸೆರೆ ತರುತ್ತಾನೆ, ಅವನು ಭೀಮ. ವಿರಾಟನ ಅರಮನೆಯಲ್ಲಿ ಬೃಹನ್ನಳೆಯ ವೇಷದ ಅರ್ಜುನನು ತನ್ನ ಮಗನನ್ನು ಹೆಸರು ಹಿಡಿದು ಕರೆದು, ನಿನ್ನ ತಾಯಿ ಕ್ಷೇಮವೆ ಎಂದು ಕೇಳುತ್ತಾನೆ. ಅಭಿಮನ್ಯುವಿಗೆ ಅಸಹ್ಯವಾದ ಕೋಪ ಬರುತ್ತದೆ. ತಂದೆಯ ಧಾಟಿಯಲ್ಲಿ ಮನೆಯ ಹೆಂಗಸರ ವಿಷಯವನ್ನು ವಿಚಾರಿಸಲು ನೀನೇನು ಧರ್ಮರಾಜನೆ, ಭೀಮಸೇನನೆ, ಧನಂಜಯನೆ ಎಂಬರ್ಥದಲ್ಲಿ ಗದರುತ್ತಾನೆ. ಎದುರಿಗೆ ನಿಂತವನು ಧನಂಜಯನೇ. ಕೋಪದಲ್ಲಿ ಆಡಿದ ಮಾತು ಅಕ್ಷರಶಃ ಸತ್ಯವಾಗಿದೆ. ಆಡಿದವನಿಗೆ ಮಾತ್ರ ಅದು ತಿಳಿಯದು. ಅರ್ಜುನನು ಹೆಸರನ್ನು ಮುಚ್ಚಿಟ್ಟುಕೊಳ್ಳಬಲ್ಲನು, ಹದಿಮೂರು ವರ್ಷ ಕಾಣದ ಮಗನನ್ನು ಕಂಡು ಅವನ ತಾಯಿಯನ್ನು ವಿಚಾರಿಸದೆ ಇರಲಾರನು.

ಆ ನಾಟಕದಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ಬೃಹನ್ನಳೆಯ ಮುಂಗೈಯಲ್ಲಿ ಬಳೆಗಳ ಕೆಳಗೆ ಗಾಂಡೀವದ ಹೆದೆ ತಾಗಿ ಜಡ್ಡುಗಟ್ಟಿದ ಕಲೆಯುಂಟು. ಇಷ್ಟು ವರ್ಷಗಳಾದರೂ ಅದು ಮೈಬಣ್ಣಕ್ಕೆ ತಿರುಗಿಲ್ಲ. ಉತ್ತರನು ಅದನ್ನು ತೋರಿಸಿದಾಗ, ಇದು ಬಳೆಗಳ ಉಜ್ಜಿಕೆಯಿಂದಾದದ್ದು ಎಂದು ಅರ್ಜುನನು ಜಾರಿಕೊಳ್ಳಲು ನೋಡುತ್ತಾನೆ. ಕಲೆಯನ್ನು ಮುಚ್ಚುವುದಕ್ಕೆ ತೊಟ್ಟ ಬಳೆಯೇ ಕಲೆಗೆ ನೆಪವಾಗುತ್ತದೆ. ಇಂತಹ ಒಂದು ವಿವರವು ಕೈಗೆ ಸಿಕ್ಕಿದರೆ ಲೇಖಕನಿಗೆ ಹತ್ತು ಪುಟಗಳ ವರ್ಣನೆ ಬೇಕಾಗುವುದಿಲ್ಲ.

ಕರ್ಣನ ವಿಷಯ ಇದಕ್ಕಿಂತ ಜಟಿಲವಾದದ್ದು. ಇಲ್ಲಿ ರಹಸ್ಯವು ಸ್ವತಃ ರಹಸ್ಯದ ಪಾತ್ರನಾದವನಿಗೇ ಗೊತ್ತಿಲ್ಲ. ಅವನು ವೇಷ ಹಾಕಿದವನಲ್ಲ, ಲೋಕವು ಅವನಿಗೆ ವೇಷ ಹಾಕಿದೆ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನನು ರಣಭೂಮಿಯಲ್ಲಿ ಕರ್ಣನ ಕಳೇಬರದ ಮುಂದೆ ನಿಂತು, ಈ ಅಂಗಾಧಿಪತಿ ಯಾರೆಂಬುದನ್ನು ಬಲ್ಲವರು ಯಾರಾರೆಂದು ಒಬ್ಬೊಬ್ಬರನ್ನಾಗಿ ಎಣಿಸುತ್ತಾನೆ. ತಾನು, ಕುಂತಿ, ಕೃಷ್ಣ, ಸೂರ್ಯ, ಸಹದೇವ; ಇವರ ಹೊರತು ಬೇರೆ ಯಾರಿಗೂ ಗೊತ್ತಿಲ್ಲ. ತಾನು ಎಂಬ ಆ ಮೊದಲನೆಯ ಪದದಲ್ಲಿ ಇಡೀ ಸ್ನೇಹದ ಇತಿಹಾಸವೇ ಬೆಳಗುತ್ತದೆ: ಗೆಳೆಯನು ಶತ್ರುಗಳ ಅಣ್ಣನೆಂದು ತಿಳಿದೂ ದುರ್ಯೋಧನನು ಆ ಸ್ನೇಹವನ್ನು ಬಿಡಲಿಲ್ಲ. ಛಲದ ಮನುಷ್ಯನೆಂದು ನಾವು ಬಲ್ಲ ದುರ್ಯೋಧನನ ಔದಾರ್ಯವನ್ನು ರನ್ನನು ಹೊಗಳಿಕೆಯ ಒಂದು ಮಾತಿಲ್ಲದೆ, ಬಲ್ಲವರ ಪಟ್ಟಿಯೊಂದರಿಂದ ತೋರಿಸಿಬಿಟ್ಟನು. ರಹಸ್ಯಕಥನವನ್ನು ಬರೆಯುವ ತರುಣರು ಈ ಪದ್ಯದಿಂದ ಕಲಿಯಬೇಕಾದದ್ದು ಬಹಳ. ಗುರುತನ್ನು ಮರೆಸಿದ ಕಥೆಯಲ್ಲಿ ಯಾರಿಗೆ ಏನು ತಿಳಿದಿದೆ, ಎಂದು ತಿಳಿಯಿತು, ತಿಳಿದೂ ಅವರು ಏಕೆ ಮೌನವಾಗಿದ್ದಾರೆ ಎಂಬ ಲೆಕ್ಕವು ಲೇಖಕನ ಮನಸ್ಸಿನಲ್ಲಿ ತಪ್ಪಿಲ್ಲದೆ ಇರಬೇಕು. ಏಕೆಂದರೆ ಬಲ್ಲವನ ಮೌನವೇ ಅನೇಕವೇಳೆ ಅವನ ಚಾರಿತ್ರ್ಯದ ಪ್ರಮಾಣವಾಗಿರುತ್ತದೆ.

ಕುಮಾರವ್ಯಾಸನು ಅದೇ ರಹಸ್ಯವನ್ನು ಬಿಚ್ಚುವ ಬಗೆ ಬೇರೆ. ಸಂಧಾನ ಮುರಿದ ಮೇಲೆ ಕೃಷ್ಣನು ಕರ್ಣನನ್ನು ರಥದಲ್ಲಿ ತನ್ನ ಪಕ್ಕಕ್ಕೆ ಎಳೆದು ಕೂರಿಸಿಕೊಳ್ಳುತ್ತಾನೆ. ಸೋದರತ್ತೆಯ ಮಗನೊಡನೆ ಆಡಬಹುದಾದ ಸಲಿಗೆಯನ್ನು ತೋರಿಸುತ್ತಾನೆ. ನಂಟಿನ ಮಾತನ್ನು ಆಡುವುದಕ್ಕೆ ಮೊದಲೇ ನಂಟಿನ ನಡವಳಿಕೆ ಬಂದಿದೆ. ಸೂತನ ಮಗನೆಂದೇ ತನ್ನನ್ನು ತಿಳಿದ ಕರ್ಣನು, ಯಾದವರ ಒಡೆಯನೊಡನೆ ತನಗೆ ಸಮಾನತೆಯೆ ಎಂದು ಸಂಕೋಚದಿಂದ ಕುಗ್ಗುತ್ತಾನೆ. ಓದುಗನಿಗೆ ಆ ಸಲಿಗೆಯ ಅರ್ಥ ಗೊತ್ತು, ಅದರ ಹಿಂದಿನ ರಾಜನೀತಿಯೂ ಗೊತ್ತು. ಕರ್ಣನಿಗೆ ಎರಡೂ ಗೊತ್ತಿಲ್ಲ. ಜನ್ಮವೃತ್ತಾಂತವನ್ನು ಕೇಳಿದ ಮೇಲೆ ಅವನ ಕೊರಳ ಸೆರೆ ಬಿಗಿದು ಕಣ್ಣು ತುಂಬುತ್ತದೆ. ಆದರೂ ಅವನು ಪಕ್ಷವನ್ನು ಬಿಡುವುದಿಲ್ಲ. ಗುರುತು ಬಯಲಾದರೂ ಕೃತ್ಯವು ಬದಲಾಗದೆ, ಆ ಕೃತ್ಯದ ಅರ್ಥವೆಲ್ಲವೂ ಬದಲಾಗುವುದು: ಇದು ಈ ಕಲೆಯ ಶಿಖರ. ಮುಸುಕು ತೆಗೆದೊಡನೆ ಎಲ್ಲ ಕಷ್ಟವೂ ಪರಿಹಾರವಾಗಿಬಿಡುವ ಕಥೆಗಳು ಇದರ ಪಕ್ಕದಲ್ಲಿ ಬಡವಾಗಿ ಕಾಣುತ್ತವೆ.

ಗುರುತು ಸಿಗುವ ಬಗೆಗಳನ್ನು ತರತಮವಾಗಿ ವಿಂಗಡಿಸಿದವರಲ್ಲಿ ಗ್ರೀಕರ ಅರಿಸ್ಟಾಟಲ್ ಪ್ರಸಿದ್ಧನು. ಮೈಮೇಲಿನ ಮಚ್ಚೆ, ಗಾಯದ ಕಲೆ, ಕೊರಳ ಹಾರ ಮುಂತಾದ ಕುರುಹುಗಳಿಂದ ಗುರುತಿಸುವುದನ್ನು ಅವನು ಕಲೆಯಲ್ಲಿ ಕನಿಷ್ಠವೆಂದೂ, ಘಟನೆಗಳ ಸಹಜಗತಿಯಿಂದಲೇ ಗುರುತು ಹೊರಬೀಳುವುದನ್ನು ಉತ್ತಮವೆಂದೂ ಎಣಿಸಿದನು. ಕಾಳಿದಾಸನ ಶಾಕುಂತಲದಲ್ಲಿ ಉಂಗುರವಿದೆಯಲ್ಲ ಎಂದು ತಾವು ಕೇಳಬಹುದು. ಆ ಉಂಗುರವು ರಾಜನಿಗೆ ಶಕುಂತಲೆಯ ಹೆಸರನ್ನು ತಿಳಿಸುವುದಕ್ಕಿಂತ ಹೆಚ್ಚಾಗಿ ಅವನ ಅಪರಾಧವನ್ನು ಅವನಿಗೇ ತಿಳಿಸುತ್ತದೆಯಾದುದರಿಂದ ಅದು ಬರಿಯ ಕುರುಹಲ್ಲ.

ಕುರುಹಿನ ಮೇಲಿನ ಅತಿಯಾದ ನಂಬಿಕೆಯನ್ನು ಪರೀಕ್ಷೆಗೊಡ್ಡಿದ ಕಥೆ ನಮ್ಮಲ್ಲಿ ಮನೆಮಾತಾಗಿದೆ. ನೆರೆಯ ಚಿಕ್ಕಮಗಳೂರು ಜಿಲ್ಲೆಯ ದೇವನೂರಿನವನೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ಲಕ್ಷ್ಮೀಶನ 'ಜೈಮಿನಿ ಭಾರತ'ದಲ್ಲಿ ಚಂದ್ರಹಾಸನ ಎಡಗಾಲಿಗೆ ಆರು ಬೆರಳು. ಕೊಲ್ಲಲು ಕರೆದೊಯ್ದ ಕಟುಕರು ಹುಡುಗನನ್ನು ಕಂಡು ಕರಗಿ, ಆ ಆರನೆಯ ಬೆರಳನ್ನು ಮಾತ್ರ ಕತ್ತರಿಸಿ ತಂದು, ಕೊಲೆಯ ಸಾಕ್ಷಿಯಾಗಿ ಮಂತ್ರಿ ದುಷ್ಟಬುದ್ಧಿಗೆ ತೋರಿಸುತ್ತಾರೆ. ಮಂತ್ರಿಯು ಕುರುಹನ್ನು ನಂಬಿ ಮನುಷ್ಯನನ್ನು ಕಳೆದುಕೊಂಡನು. ಮುಂದೆ ಕುಳಿಂದನ ಮನೆಯಲ್ಲಿ ಬೆಳೆದ ತರುಣನು ಕಾಡಿನಲ್ಲಿ ಸಿಕ್ಕಿದವನೆಂದು ತಿಳಿದಾಗ, ಅವನ ಗುರುತು ಹತ್ತುವುದು ವಿಚಾರದಿಂದಲೇ ಹೊರತು ಚಿಹ್ನೆಯಿಂದಲ್ಲ. ಚಿಹ್ನೆಯನ್ನು ಕವಿಯು ಮೊದಲೇ ಕತ್ತರಿಸಿ ಹಾಕಿದ್ದಾನೆ.

ಅದೇ ಕಾವ್ಯದ ಬಭ್ರುವಾಹನನ ಪ್ರಸಂಗವು ಇನ್ನೂ ಕ್ರೂರವಾದ ತಿರುವು. ಮಗನು ತಂದೆಯಾದ ಅರ್ಜುನನನ್ನು ಗುರುತಿಸಿ, ಕಾಣಿಕೆಗಳೊಡನೆ ಬಂದು ನಮಸ್ಕರಿಸುತ್ತಾನೆ. ಕ್ಷತ್ರಿಯನಾದವನು ಕಟ್ಟಿದ ಯಾಗದ ಕುದುರೆಯನ್ನು ಹೀಗೆ ತಂದೊಪ್ಪಿಸುವನೆ ಎಂದು ತಂದೆಯು ಆ ಮಗನನ್ನು ಹಳಿದು ಒದೆಯುತ್ತಾನೆ. ಗುರುತು ಹೇಳಲ್ಪಟ್ಟಿದೆ, ಒಪ್ಪಲ್ಪಟ್ಟಿಲ್ಲ. ಇನ್ನು ಮಗನಿಗೆ ತಾನು ಅರ್ಜುನನ ಮಗನೆಂದು ಸಾಧಿಸಲು ಉಳಿದ ದಾರಿ ಒಂದೇ, ಅರ್ಜುನನನ್ನು ಯುದ್ಧದಲ್ಲಿ ಗೆಲ್ಲುವುದು. 1977ರ 'ಬಭ್ರುವಾಹನ' ಚಲನಚಿತ್ರದಲ್ಲಿ ನಟ ರಾಜ್‌ಕುಮಾರ್ ಅವರು ತಂದೆ ಮಗ ಇಬ್ಬರ ಪಾತ್ರವನ್ನೂ ವಹಿಸಿದಾಗ, ಈ ಪ್ರಸಂಗದ ಮರ್ಮವು ತೆರೆಯ ಮೇಲೆ ಕಣ್ಣಿಗೇ ಕಟ್ಟಿತು: ಪ್ರೇಕ್ಷಕರೆಲ್ಲರಿಗೂ ಒಂದೇ ಮುಖವಾಗಿ ಕಾಣುವುದನ್ನು ಅರ್ಜುನನೊಬ್ಬನು ಮಾತ್ರ ಒಪ್ಪಲಾರನು. ಆ ಸಂಭಾಷಣೆಗಳು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಬಾಯಿಪಾಠವಾಗಿರುವುದು ಆಶ್ಚರ್ಯವಲ್ಲ.

ಇಷ್ಟರವರೆಗೆ ಹೇಳಿದ್ದು ಓದುಗನು ಬಲ್ಲ ರಹಸ್ಯದ ಮಾತು. ಓದುಗನಿಂದಲೂ ಗುರುತನ್ನು ಮರೆಸಿದರೆ ಹೇಗೆ? ಇಂದಿನ ತರುಣ ಬರಹಗಾರರು ಹೆಚ್ಚಾಗಿ ಒಲಿದಿರುವುದು ಈ ಮಾರ್ಗಕ್ಕೇ. ಹಳ್ಳಿಗೆ ಬಂದ ಅಪರಿಚಿತನೊಬ್ಬನು ಮಾತನಾಡುತ್ತಾನೆ, ನಡೆದುಕೊಳ್ಳುತ್ತಾನೆ. ಕೊನೆಯ ಅಧ್ಯಾಯದಲ್ಲಿ ಅವನು ನಾವು ಬಲ್ಲ ಅಶ್ವತ್ಥಾಮನೆಂದು ತಿಳಿಯುತ್ತದೆ. ಇದನ್ನು ನಾನು ಅಲ್ಲಗಳೆಯುವವನಲ್ಲ. ಪುನಃಕಥನಕ್ಕೆ ಈ ಮಾರ್ಗದಲ್ಲಿ ಸ್ವತಂತ್ರ ಕಾದಂಬರಿಗೆ ಇಲ್ಲದ ಒಂದು ಐಶ್ವರ್ಯವೂ ಉಂಟು. ಹೊಸ ಕಾದಂಬರಿಯ ಅಪರಿಚಿತನು ಕೊನೆಯಲ್ಲಿ ಯಾರೆಂದು ತಿಳಿದರೂ, ಆ ಹೆಸರು ನಮಗೆ ಅದೇ ಪುಸ್ತಕದಿಂದ ಬಂದದ್ದು. ಪುನಃಕಥನದ ಅಪರಿಚಿತನಾದರೋ ಓದುಗನ ಬಾಲ್ಯದಿಂದಲೂ ಅವನ ನೆನಪಿನಲ್ಲಿ ನೆಲಸಿರುವವನು. ನಮ್ಮ ದಾರ್ಶನಿಕರು ಪ್ರತ್ಯಭಿಜ್ಞೆಯನ್ನು ವಿವರಿಸುವಾಗ, ಎದುರಿಗೆ ಕಾಣುವ ಇವನೇ ಅಂದು ಕಂಡ ಆ ದೇವದತ್ತನೆಂಬ ನಿದರ್ಶನವನ್ನು ಕೊಡುತ್ತಾರೆ. ಪ್ರತ್ಯಕ್ಷವೂ ಸ್ಮೃತಿಯೂ ಒಂದು ಕ್ಷಣದಲ್ಲಿ ಬೆಸೆದುಕೊಳ್ಳುವ ಜ್ಞಾನ ಅದು. ಓದುಗನಿಗೆ ಆ ಕ್ಷಣವನ್ನು ಒದಗಿಸುವುದು ಪುನಃಕಥನಕಾರನ ಭಾಗ್ಯ. ಆ ಕ್ಷಣವು ಸಿದ್ಧಿಸಬೇಕಾದರೆ, ಹೆಸರು ತಿಳಿದ ಮೇಲೆ ಓದುಗನು ಹಿಂದಿರುಗಿ ಮೊದಲ ಪುಟವನ್ನು ತೆರೆದಾಗ ಅಲ್ಲಿಯ ಪ್ರತಿಯೊಂದು ನಡೆಯೂ ಆ ಪಾತ್ರಕ್ಕೇ ತಕ್ಕದ್ದೆಂದು ತೋರಬೇಕು. ಚನ್ನಗಿರಿಯ ಮಾರುಕಟ್ಟೆಯಲ್ಲಿ ಚೊಗರಿನ ಬಣ್ಣಕ್ಕೆ ಮರುಳಾಗದ ವ್ಯಾಪಾರಿಯು ಅಡಕೆಯನ್ನು ಹೋಳು ಮಾಡಿ ಒಳಗನ್ನು ನೋಡಿ ಬೆಲೆ ಕಟ್ಟುವಂತೆ, ಎರಡನೆಯ ಸಲ ಓದುವವನು ಕಥೆಯ ಒಳಗನ್ನು ಒಡೆದು ನೋಡುತ್ತಾನೆ.

ಇಲ್ಲಿ ಲೇಖಕನು ಪಾಲಿಸಬೇಕಾದ ಒಂದು ಪ್ರಾಮಾಣಿಕತೆ ಉಂಟು. ಪಾತ್ರವನ್ನು ಹೊರಗಿನಿಂದ ನೋಡಿ ವರ್ಣಿಸುವಾಗ ಹೆಸರನ್ನು ಮರೆಸುವುದು ನ್ಯಾಯ. ಅದರ ಅಂತರಂಗವನ್ನು ಹೊಕ್ಕು, ಅದರ ನೆನಪುಗಳನ್ನೆಲ್ಲ ಹೇಳುತ್ತ, ಅದು ಸದಾ ನೆನೆಯುವ ಒಂದೇ ಸಂಗತಿಯನ್ನು ಬಿಟ್ಟುಬಿಡುವುದು ವಂಚನೆ. ಎಸ್.ಎಲ್. ಭೈರಪ್ಪನವರು 1979ರ 'ಪರ್ವ'ದಲ್ಲಿ ಭಾರತದ ಪಾತ್ರಗಳ ಮನಸ್ಸಿನೊಳಗಿನ ನೆನಪುಗಳ ಮೂಲಕವೇ ಕಥೆಯನ್ನು ನಡೆಸಿದ್ದಾರೆ. ಅಷ್ಟು ಒಳಗೆ ಹೋದ ಲೇಖಕನಿಗೆ ಓದುಗನೊಡನೆ ಕಣ್ಣುಮುಚ್ಚಾಲೆ ಆಡುವ ಅವಕಾಶವಿಲ್ಲ, ಅಗತ್ಯವೂ ಇಲ್ಲ. ಇಂಗ್ಲಿಷಿನಲ್ಲಿ 1926ರಲ್ಲಿ ಅಗಾಥಾ ಕ್ರಿಸ್ಟಿ ಬರೆದ ರಾಜರ್ ಆಕ್ರಾಯ್ಡ್‌ನ ಕೊಲೆಯ ಕಾದಂಬರಿಯು, ಕಥೆ ಹೇಳುವವನು ಓದುಗನಿಗೆ ನ್ಯಾಯ ಸಲ್ಲಿಸಿದನೆ ಇಲ್ಲವೆ ಎಂಬ ದೀರ್ಘವಾದ ವಾದವನ್ನು ಹುಟ್ಟುಹಾಕಿದ್ದು ಈ ಕಾರಣಕ್ಕೇ.

ಪುನಃಕಥನಕಾರನು ಮೂಲದಲ್ಲಿಲ್ಲದ ಗುರುತನ್ನೇ ಹೊಸದಾಗಿ ಕಲ್ಪಿಸುವುದೂ ಉಂಟು. ಸೀತೆಯು ರಾವಣನಿಗೇ ಹುಟ್ಟಿದವಳೆಂಬ ಕಥೆಯು ಜೈನ ರಾಮಾಯಣಗಳ ಒಂದು ಶಾಖೆಯಲ್ಲಿಯೂ ಕನ್ನಡದ ಜನಪದ ರಾಮಾಯಣಗಳಲ್ಲಿಯೂ ಇದೆ. ಈ ಒಂದು ಕಲ್ಪನೆಯಿಂದ ಲಂಕೆಯ ಕಥೆಯೆಲ್ಲವೂ ಬೇರೆಯ ಬೆಳಕಿನಲ್ಲಿ ಕಾಣುತ್ತದೆ. ಕಾಮದ ಕಥೆಯು ಅರಿಯದೆ ಮಾಡಿದ ಘೋರಪ್ರಮಾದದ ಕಥೆಯಾಗುತ್ತದೆ. ಹೊಸ ಗುರುತನ್ನು ಕಲ್ಪಿಸಿದರೂ ರಾವಣನ ಹಠವನ್ನಾಗಲಿ ಸೀತೆಯ ದಾರ್ಢ್ಯವನ್ನಾಗಲಿ ಆ ಕವಿಗಳು ಬಿಟ್ಟುಕೊಡಲಿಲ್ಲವೆಂಬುದನ್ನು ನೋಡಬೇಕು.

ಒಂದು ಮಾತನ್ನು ಇಲ್ಲಿಯೇ ಸೇರಿಸುವುದು ಉಚಿತ. ವ್ಯಾಸ ವಾಲ್ಮೀಕಿಗಳ ಪಾತ್ರಗಳು ಸರ್ವರ ಸೊತ್ತು. ಇಂದಿನ ಕಾದಂಬರಿ, ಚಲನಚಿತ್ರ, ಧಾರಾವಾಹಿಗಳ ಪಾತ್ರಗಳಿಗೆ ಒಡೆಯರುಂಟು. ನಮ್ಮ ದೇಶದ ಕಾನೂನಿನಂತೆ ಲೇಖಕನ ಕೃತಿಯ ಹಕ್ಕು ಅವನ ಜೀವಿತಾವಧಿಯಲ್ಲದೆ ಆ ಬಳಿಕ 60 ವರ್ಷಗಳವರೆಗೂ ನಿಲ್ಲುತ್ತದೆ. ಪಾತ್ರದ ಹೆಸರನ್ನು ಮರೆಸುವ ಕಥೆಯಲ್ಲಿಯೂ ಮೂಲಲೇಖಕನ ಹೆಸರನ್ನು ಮರೆಸಲಾಗದು.

ಈ ಸೀಮೆಯಲ್ಲಿ ಬರೆಯಲು ತೊಡಗಿರುವ ತರುಣ ತರುಣಿಯರಲ್ಲಿ ನನ್ನದೊಂದು ಪ್ರಾರ್ಥನೆ. ಗುರುತನ್ನು ಮರೆಸುವ ಕಲೆಯನ್ನು ತಾವು ಹೊರಗಿನಿಂದ ಕಲಿಯಬಹುದು, ಕಲಿಯಿರಿ. ಅದರ ಜೊತೆಗೆ ತಮ್ಮ ಊರಿನಲ್ಲಿ ಬಯಲಾಟವನ್ನು ಕಲಿಸಿದ ಮಾಸ್ತರುಗಳ ಮನೆಗೆ ಹೋಗಿ, ಅವರ ಪೆಟ್ಟಿಗೆಗಳಲ್ಲಿ ಉಳಿದಿರುವ ಕೈಬರಹದ ಪ್ರಸಂಗಗಳನ್ನು ನೋಡಿರಿ. ಅವನ್ನು ರಚಿಸಿದವರು ತಮ್ಮ ಹೆಸರನ್ನು ಬಿಟ್ಟುಹೋಗದಿದ್ದರೂ, ಒಬ್ಬೊಬ್ಬ ಕವಿಯೂ ಕಂಕನನ್ನು, ಬೃಹನ್ನಳೆಯನ್ನು, ಬಭ್ರುವಾಹನನನ್ನು ತನ್ನ ಊರಿನ ಮಾತಿನಲ್ಲಿ ಮತ್ತೆ ಸೃಷ್ಟಿಸಿದ್ದಾನೆ. ಆ ಕಾಗದಗಳು ಗೆದ್ದಲಿನ ಪಾಲಾಗುತ್ತಿವೆ. ನಕಲು ಮಾಡಿಕೊಳ್ಳುವ ಕೆಲಸವನ್ನು ಈ ನಾಲ್ಕು ತಾಲ್ಲೂಕುಗಳ ಶಾಲೆ ಕಾಲೇಜುಗಳೂ ಗ್ರಂಥಾಲಯಗಳೂ ಈ ವರ್ಷವೇ ಕೈಗೊಳ್ಳಬೇಕು.